ಮಕ್ಕಳ ಆಟಿಕೆಗಳಲ್ಲಿ ಜೀರ್ಣೋದ್ಧಾರ

ನಮ್ಮ ನಾಡಿನ ಶಾಸನಗಳನ್ನು ಓದಿದವರಲ್ಲಿ ‘ಖಂಡಸ್ಫುಟಿತಜೀರ್ಣೋದ್ಧಾರ’ವೆಂಬ ಸಮಾಸವನ್ನು ಕಾಣದವರಿಲ್ಲ. ದೇವಾಲಯದಲ್ಲಿ ಮುರಿದುದನ್ನೂ ಬಿರಿದುದನ್ನೂ ಹಳತಾದುದನ್ನೂ ಸರಿಪಡಿಸುವುದಕ್ಕಾಗಿ ಭೂಮಿಯನ್ನೋ ಸುಂಕವನ್ನೋ ಬಿಟ್ಟ ಸಂದರ್ಭದಲ್ಲಿ ಈ ಮಾತು ಬರುತ್ತದೆ. ಇದಕ್ಕೆ ಸದೃಶವಾದ ಇನ್ನೊಂದು ಕಾರ್ಯವು ಶಾಸನವಿಲ್ಲದೆ, ದತ್ತಿಯಿಲ್ಲದೆ, ನಮ್ಮ ಮನೆಗಳ ಜಗುಲಿಯ ಮೇಲೆಯೇ ನಡೆದುಬಂದಿದೆ. ಒಡೆದ ಮಡಕೆಯ ಬೋಕಿ, ಹರಿದ ಸೀರೆಯ ತುಂಡು, ಕಾಳು ತೆಗೆದುಳಿದ ದಂಟು, ತಿಂದು ಬಿಸುಟ ಬೀಜ ಇವುಗಳಿಂದ ತಾಯಿಯೋ ಅಜ್ಜಿಯೋ ಮಕ್ಕಳು ತಾವೇ ಆಗಿಯೋ ಆಟಿಕೆಗಳನ್ನು ಮಾಡಿಕೊಳ್ಳುವುದೇ ಆ ಕಾರ್ಯ. ದೇವಾಲಯದ ಜೀರ್ಣೋದ್ಧಾರದಲ್ಲಿ ವಸ್ತುವು ತನ್ನ ಪೂರ್ವರೂಪವನ್ನೇ ಪಡೆಯುವುದು. ಆಟಿಕೆಯಲ್ಲಾದರೋ ರೂಪಾಂತರವನ್ನು ಹೊಂದುವುದು. ಭೇದವಿಷ್ಟೆ.

ಇಂತಹ ಆಟಿಕೆಗಳನ್ನು ಇತಿಹಾಸದ ಆಧಾರಗಳೆಂದು ಎಣಿಸಿದವರು ವಿರಳ. ಹಣವಿಲ್ಲದವರು ಅಂಗಡಿಯ ಆಟಿಕೆಗೆ ಬದಲಾಗಿ ಕಂಡುಕೊಂಡ ಉಪಾಯವೆಂದು ಅವುಗಳನ್ನು ಪಕ್ಕಕ್ಕಿಡುವುದೇ ವಾಡಿಕೆಯಾಗಿದೆ. ಈ ಅಭಿಪ್ರಾಯವು ಸಾಧುವಲ್ಲವೆಂದೂ, ತ್ಯಕ್ತವಸ್ತುವಿನ ಆಟಿಕೆಗೆ ಪ್ರಾಚೀನವಾದ ಪ್ರಮಾಣವುಂಟೆಂದೂ, ಅಷ್ಟೇ ಅಲ್ಲದೆ ಅದರ ಕಾಲವನ್ನು ಒಂದು ಮಟ್ಟಿಗೆ ನಿರ್ಣಯಿಸಬಹುದೆಂದೂ ತೋರಿಸುವುದು ಈ ಲೇಖನದ ಉದ್ದೇಶ. ದೃಷ್ಟಾಂತಗಳನ್ನು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯ ಸೀಮೆಯಿಂದ ಆಯ್ದುಕೊಂಡಿದ್ದೇನೆ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳೂ ಕಿನ್ನಾಳದ ಗೊಂಬೆಗಳೂ ಪ್ರಸಿದ್ಧವಾಗಿವೆ. ಅವು ಕುಶಲಕರ್ಮಿಗಳು ಮಾರುವುದಕ್ಕಾಗಿ ಮಾಡಿದವಾದುದರಿಂದ ಪ್ರಕೃತ ವಿಚಾರಕ್ಕೆ ಸೇರವು.

ಮೊದಲು ಗ್ರಂಥಪ್ರಮಾಣವನ್ನು ನೋಡೋಣ. ಮಹಾಭಾರತದ ವಿರಾಟಪರ್ವದಲ್ಲಿ, ಗೋಗ್ರಹಣದ ಯುದ್ಧಕ್ಕೆ ಹೊರಟ ಬೃಹನ್ನಳೆಯನ್ನು ಕುರಿತು ಉತ್ತರೆಯೂ ಆಕೆಯ ಸಖಿಯರೂ ಒಂದು ಪ್ರಾರ್ಥನೆಯನ್ನು ಮಾಡುತ್ತಾರೆ. ಕೌರವರನ್ನು ಗೆದ್ದು ಬರುವಾಗ ನಮ್ಮ ಪಾಂಚಾಲಿಕೆಗಳಿಗಾಗಿ, ಎಂದರೆ ಗೊಂಬೆಗಳಿಗಾಗಿ, ನವುರಾದ ಬಣ್ಣಬಣ್ಣದ ವಸ್ತ್ರಗಳನ್ನು ತಾ ಎಂಬುದೇ ಅದು. ಸಮ್ಮೋಹನಾಸ್ತ್ರದಿಂದ ಕುರುವೀರರು ಮೂರ್ಛಿತರಾದಾಗ ಅರ್ಜುನನು ಈ ಮಾತನ್ನು ಮರೆಯದೆ, ದ್ರೋಣಕೃಪರ ಬಿಳಿಯ ವಸ್ತ್ರಗಳನ್ನೂ ಕರ್ಣನ ಹಳದಿಯ ವಸ್ತ್ರವನ್ನೂ ಅಶ್ವತ್ಥಾಮ ದುರ್ಯೋಧನರ ನೀಲಿಯ ವಸ್ತ್ರಗಳನ್ನೂ ತೆಗೆದುಕೊಳ್ಳುವಂತೆ ಉತ್ತರಕುಮಾರನಿಗೆ ಹೇಳುತ್ತಾನೆ. ಭೀಷ್ಮನಿಗೆ ಆ ಅಸ್ತ್ರದ ಪ್ರತೀಕಾರವು ತಿಳಿದಿದ್ದುದರಿಂದ ಅವನ ಬಳಿಗೆ ಹೋಗಬೇಡವೆಂದು ಎಚ್ಚರಿಸುವುದೂ ಅಲ್ಲಿಯೇ ಇದೆ. ವ್ಯಾಖ್ಯಾನಕಾರರ ಗಮನವೆಲ್ಲವೂ ಅಸ್ತ್ರದ ಮೇಲೆ ಬಿದ್ದಿರುವುದು ಸಹಜವೇ. ಆದರೆ ವಿರಾಟರಾಜನ ಮಗಳಿಗೆ ಹೊಸ ಬಟ್ಟೆಗೆ ಏನು ಕೊರತೆ? ಗೊಂಬೆಗೆ ಬೇಕಾದುದು ದೊಡ್ಡವರು ಉಟ್ಟ ಬಟ್ಟೆ. ಅದನ್ನು ಕತ್ತರಿಸಿ ಚಿಕ್ಕದು ಮಾಡುವುದರಲ್ಲಿಯೇ ಆಟದ ಅರ್ಧ ಭಾಗವಿದೆ ಎಂಬುದನ್ನು ಹೆಣ್ಣುಮಕ್ಕಳಿರುವ ಮನೆಯವರಿಗೆ ಹೇಳಬೇಕಾದುದಿಲ್ಲ.

ಇಲ್ಲಿ ಒಂದು ಶಂಕೆ ಬರಬಹುದು: ಕುರುವೀರರ ವಸ್ತ್ರಗಳು ಅಪಹರಿಸಿದವೇ ಹೊರತು ಬಿಸುಟವಲ್ಲವಷ್ಟೆ? ನಿಜ. ಆದರೂ ಒಬ್ಬರ ಉಪಯೋಗಕ್ಕಾಗಿ ಆದ ಪದಾರ್ಥವು ಆ ಉಪಯೋಗದಿಂದ ಬಿಡುಗಡೆಹೊಂದಿ ಆಟಕ್ಕೆ ಸಾಮಗ್ರಿಯಾಯಿತೆಂಬ ಅಂಶವು ಎರಡಕ್ಕೂ ಸಮಾನವಾಗಿದೆ. ಅಮರಸಿಂಹನು ಪಾಂಚಾಲಿಕೆಯೆಂದರೆ ವಸ್ತ್ರ, ದಂತ ಮೊದಲಾದವುಗಳಿಂದ ಮಾಡಿದ ಪುತ್ರಿಕೆ ಎಂದು ಹೇಳುವಾಗ ವಸ್ತ್ರವನ್ನೇ ಮೊದಲು ಹೆಸರಿಸಿರುವನು. ವಾತ್ಸ್ಯಾಯನನು ಅರುವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಬಾಲಕ್ರೀಡನಕಗಳನ್ನೂ ಸೇರಿಸಿ, ಇನ್ನೊಂದೆಡೆ ದಾರ, ಮರ, ಕೊಂಬು, ದಂತ, ಮೇಣ, ಹಿಟ್ಟು, ಮಣ್ಣು ಇವುಗಳಿಂದಾದ ಗೊಂಬೆಗಳನ್ನು ಹೇಳುತ್ತಾನೆ. ದಂತವೊಂದನ್ನು ಬಿಟ್ಟರೆ ಇವೆಲ್ಲವೂ ಸಾಮಾನ್ಯರ ಮನೆಯಲ್ಲಿ ಸಿಕ್ಕುವವೇ. ಹೂ ಬಿಡಿಸುವುದು, ಕಟ್ಟುವುದು, ಚಿಕ್ಕ ಮನೆ ಕಟ್ಟುವುದು, ಅಡುಗೆಯ ಆಟ ಇವುಗಳನ್ನೂ ಅವನು ಬಿಟ್ಟಿಲ್ಲ. ಕಾಳಿದಾಸನ ಪಾರ್ವತಿಯು ಮಂದಾಕಿನಿಯ ಮರಳಿನಲ್ಲಿ ಜಗುಲಿ ಕಟ್ಟುತ್ತಲೂ, ಚೆಂಡು ಗೊಂಬೆಗಳೊಡನೆಯೂ ಬಾಲ್ಯವನ್ನು ಕಳೆದವಳು. ಇದಕ್ಕೆ ವ್ಯತಿರಿಕ್ತವಾಗಿ ನಮ್ಮ ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಇಪ್ಪತ್ತು ಕ್ರೀಡೆಗಳನ್ನು ವಿಸ್ತಾರವಾಗಿ ವರ್ಣಿಸಿದರೂ ಅವೆಲ್ಲವೂ ದೊರೆಗಳ ವಿನೋದಗಳೇ. ಮಕ್ಕಳ ಬೋಕಿಬಿಲ್ಲೆಯು ಸಾರ್ವಭೌಮನ ದೃಷ್ಟಿಗೆ ಬೀಳಲಿಲ್ಲ.

ಪ್ರತಿಪಕ್ಷದವರಿಗೆ ಬಲವಾದ ಆಧಾರವು ಒಂದುಂಟು. ಅದು ಶೂದ್ರಕನ ಮೃಚ್ಛಕಟಿಕ. ಚಾರುದತ್ತನ ಮಗ ರೋಹಸೇನನು ದಾಸಿ ರದನಿಕೆಯು ಮಾಡಿಕೊಟ್ಟ ಮಣ್ಣಿನ ಬಂಡಿಯನ್ನು ಒಲ್ಲದೆ ಚಿನ್ನದ ಬಂಡಿಯೇ ಬೇಕೆಂದು ಅಳುತ್ತಾನೆ. ವಸಂತಸೇನೆಯು ತನ್ನ ಒಡವೆಗಳನ್ನು ಆ ಮಣ್ಣಿನ ಬಂಡಿಯಲ್ಲಿ ತುಂಬಿ ಅವನನ್ನು ಸಂತೈಸುತ್ತಾಳೆ. ಮಣ್ಣಿನ ಆಟಿಕೆಯು ದಾರಿದ್ರ್ಯದ ಗುರುತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ ಎಂದು ಕೇಳಬಹುದು. ಆದರೆ ಪ್ರಕರಣವನ್ನು ಸಾವಧಾನವಾಗಿ ಓದಿದರೆ, ಹುಡುಗನು ಅಳುವುದಕ್ಕೆ ಕಾರಣವು ಮಣ್ಣಲ್ಲ. ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿ, ಅದನ್ನು ಅವನು ಹಿಂದಕ್ಕೆ ತೆಗೆದುಕೊಂಡುದೇ ಕಾರಣ. ಕವಿಯು ಮುಂದೆ ಆ ಒಡವೆಗಳನ್ನೇ ಚಾರುದತ್ತನಿಗೆ ವಿರುದ್ಧವಾದ ಸಾಕ್ಷ್ಯವನ್ನಾಗಿ ಮಾಡಿ ಅವನನ್ನು ವಧ್ಯಸ್ಥಾನದವರೆಗೆ ಕೊಂಡೊಯ್ಯುತ್ತಾನೆ. ಚಿನ್ನದಿಂದ ತೊಂದರೆಯಾಯಿತು, ಮಣ್ಣಿನಿಂದಲ್ಲ; ನಾಟಕಕ್ಕೆ ಹೆಸರು ಬಂದುದೂ ಮಣ್ಣಿನ ಬಂಡಿಯಿಂದಲೇ.

ಇನ್ನು ನಮ್ಮ ಸೀಮೆಗೆ ಬರೋಣ. ಮೊಳಕಾಲ್ಮೂರು, ಚಳ್ಳಕೆರೆ ತಾಲ್ಲೂಕುಗಳು ಕರ್ಣಾಟಕದಲ್ಲಿಯೇ ಅತಿ ಕಡಮೆ ಮಳೆ ಬೀಳುವ ಪ್ರದೇಶಗಳಲ್ಲಿ ಸೇರಿದವು. ಆಂಧ್ರದ ರಾಯದುರ್ಗದ ಸೀಮೆಯು ಇವಕ್ಕೆ ಹೊಂದಿಕೊಂಡಿದೆ. ಮೊಳಕಾಲ್ಮೂರಿನ ರೇಷ್ಮೆಯ ಸೀರೆಯೂ ಚಳ್ಳಕೆರೆಯ ಕಂಬಳಿಯೂ ದೂರದೂರಕ್ಕೆ ಹೆಸರಾಗಿವೆ. ಇಂತಹ ಒಣಭೂಮಿಯಲ್ಲಿ ಯಾವ ಪದಾರ್ಥವೂ ಸುಲಭವಾಗಿ ತ್ಯಾಜ್ಯವಾಗದು. ಜರಿಯ ಹಳೆಯ ಸೀರೆಯನ್ನು ಅದರ ಬೆಳ್ಳಿಗಾಗಿ ಕೊಳ್ಳುವವರು ಬರುತ್ತಾರೆ. ಆದುದರಿಂದ ಅದು ಮಗುವಿನ ಕೈಗೆ ಬಾರದು. ಹತ್ತಿಯ ಸೀರೆಯು ಮಾತ್ರ ಕ್ರಮವಾಗಿ ಇಳಿಯುತ್ತದೆ: ಮೊದಲು ತೊಟ್ಟಿಲಿಗೆ ಬದಲಾದ ಜೋಲಿ, ಬಳಿಕ ಪದರಪದರವಾಗಿ ಹೊಲಿದ ಕೌದಿ, ಕೌದಿಗೆ ಸಾಲದ ತುಂಡಿನಿಂದ ಗೊಂಬೆ, ಗೊಂಬೆಗೂ ಬಾರದ ಚಿಂದಿಯಿಂದ ಚೆಂಡು. ಕೌದಿಯನ್ನು ಹೊಲಿಯುವಾಗ ಅಜ್ಜಿಗೆ ಸೂಜಿಯಲ್ಲಿ ದಾರ ಪೋಣಿಸಿಕೊಡುವುದು ಕಣ್ಣು ಚುರುಕಾಗಿರುವ ಮಕ್ಕಳ ಕೆಲಸ. ಉಳಿದ ತುಂಡುಗಳು ಅವರಿಗೆ ಸಲ್ಲುವ ಕೂಲಿ. ಹುಟ್ಟಿದ ಕೂಸಿಗೆ ಹೊಸ ಬಟ್ಟೆಯನ್ನು ಹಾಕದೆ ಮೆತ್ತಗಾದ ಹಳೆಯ ಬಟ್ಟೆಯಲ್ಲಿಯೇ ಸುತ್ತುವ ಪದ್ಧತಿಯು ನಮ್ಮಲ್ಲಿ ಬಹಳ ಕಡೆ ಇದೆಯೆಂಬುದನ್ನೂ ಇಲ್ಲಿ ಸ್ಮರಿಸಬೇಕು. ಸಂಸ್ಕೃತದ ‘ಕಂಥಾ’ ಶಬ್ದವು ತದ್ಭವವಾಗಿ ‘ಕಂತೆ’ಯಾಯಿತು, ‘ಕಂತೆಗೆ ತಕ್ಕ ಬೊಂತೆ’ ಎಂದು ನಾವು ಹಾಸ್ಯಕ್ಕೆ ಆಡುವ ಮಾತಿನಲ್ಲಿರುವುದು ಈ ತುಂಡುಬಟ್ಟೆಯ ಹೊದಿಕೆಯೇ.

ಜೋಳದ ದಂಟಿನ ಬಂಡಿಯನ್ನು ಇನ್ನೂ ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಅದರ ರಚನೆಯು ಆಶ್ಚರ್ಯಕರವಾಗಿದೆ. ತೆನೆ ಕೊಯ್ದು ಒಣಗಿದ ದಂಟಿನ ಹೊರಗಿನ ಸಿಪ್ಪೆಯನ್ನು ಉದ್ದಕ್ಕೆ ಸಿಬಿರಾಗಿ ಸುಲಿದರೆ ಒಳಗೆ ಬಿಳಿಯ ಹಗುರವಾದ ಬೆಂಡು ಉಳಿಯುತ್ತದೆ. ಬೆಂಡಿನ ತುಂಡುಗಳೇ ಮರದ ಭಾಗಗಳು, ಸಿಬಿರಿನ ಚೂರುಗಳೇ ಮೊಳೆಗಳು. ಸಿಬಿರನ್ನು ಬಾಗಿಸಿ ತುದಿಗಳನ್ನು ಬೆಂಡಿಗೆ ಚುಚ್ಚಿದರೆ ಚಕ್ರವಾಗುತ್ತದೆ. ಬೆಂಡಿನ ತುಂಡೊಂದಕ್ಕೆ ನಾಲ್ಕು ಕಾಲೂ ಎರಡು ಕೊಂಬೂ ಚುಚ್ಚಿದರೆ ಎತ್ತು. ಚಿಕ್ಕ ಉಂಗುರಗಳೆರಡನ್ನು ಜೋಡಿಸಿದರೆ ಕನ್ನಡಕ. ಅಂಟಿಲ್ಲ, ದಾರವಿಲ್ಲ, ಅನ್ಯಪದಾರ್ಥದ ಸಂಪರ್ಕವೇ ಇಲ್ಲ. ಉಪಾದಾನವೂ ಬಂಧಕವೂ ಒಂದೇ ದಂಟಿನಿಂದ ಬಂದವು. ಸಿಬಿರಿನ ಅಂಚು ಕತ್ತಿಯಂತೆ ಹರಿತವಾದುದರಿಂದ ಚಿಕ್ಕ ಮಕ್ಕಳಿಗೆ ದೊಡ್ಡವರೇ ಸುಲಿದುಕೊಡುವುದು ರೂಢಿ. ಉತ್ತರದಲ್ಲಿ ಜ್ಯೇಷ್ಠ ಬಹುಳ ಅಮಾವಾಸ್ಯೆಯ ದಿನ ಪೂಜಿಸುವ ಮಣ್ಣೆತ್ತುಗಳಿಗೂ ಈ ಬೆಂಡಿನ ಎತ್ತುಗಳಿಗೂ ಆಕಾರದಲ್ಲಿ ಸಾಮ್ಯವಿದೆ. ಪೂಜೆಯ ಎತ್ತಿಗೆ ವರ್ಷದಲ್ಲಿ ಒಂದು ದಿನ, ಆಟದ ಎತ್ತಿಗೆ ಸುಗ್ಗಿಯೆಲ್ಲವೂ.

ಕಾಲನಿರ್ಣಯದ ವಿಷಯದಲ್ಲಿ ನಾನು ಸೂಚಿಸುವ ನಿಯಮವು ಸರಳವಾದುದು. ತ್ಯಕ್ತವಸ್ತುವು ಆ ಊರಿಗೆ ಬಂದ ಕಾಲವೇ ಆಟಿಕೆಯ ಪೂರ್ವಸೀಮೆ. ಆ ವಸ್ತುವು ಮನೆಯಿಂದ ಮರೆಯಾದ ಕಾಲವೇ ಅದರ ಉತ್ತರಸೀಮೆ. ಆಕಾರವು ಮಾತ್ರ ಇವೆರಡಕ್ಕೂ ಸಿಕ್ಕದೆ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಸಂಕ್ರಮಿಸುವುದು. ಬಂಡಿಯ ಆಕಾರವನ್ನೇ ತೆಗೆದುಕೊಳ್ಳಿ. ಹರಪ್ಪಾ, ಮೊಹೆಂಜೊದಾರೊಗಳಲ್ಲಿ ಸುಟ್ಟ ಮಣ್ಣಿನ ಪುಟ್ಟ ಬಂಡಿಗಳು ದೊರೆತಿವೆ, ಶೂದ್ರಕನಲ್ಲಿಯೂ ಮಣ್ಣಿನದೇ, ಜೋಳದ ಹೊಲದಲ್ಲಿ ಬೆಂಡಿನದು, ಬೆಂಕಿಪೊಟ್ಟಣ ಬಂದ ಮೇಲೆ ಅದರದು, ಸವೆದ ಹವಾಯಿ ಚಪ್ಪಲಿಯ ರಬ್ಬರನ್ನು ದುಂಡಗೆ ಕತ್ತರಿಸಿ ಗಾಲಿ ಮಾಡಿದುದು ಎಲ್ಲಕ್ಕೂ ಈಚಿನದು. ಶಿವಕಾಶಿಯಲ್ಲಿ ಬೆಂಕಿಕಡ್ಡಿಯ ಕೈಗಾರಿಕೆಯು 1923ರಲ್ಲಿ ಆರಂಭವಾಯಿತು. ಗಾಳಿ ತುಂಬುವ ಸೈಕಲ್ ಟೈರನ್ನು ಡನ್ಲಪ್ ಎಂಬವನು 1888ರಲ್ಲಿ ಬಳಕೆಗೆ ತಂದನು. ಕೋಲಿನಿಂದ ಹೊಡೆಯುತ್ತ ಹಳೆಯ ಟೈರನ್ನು ಓಡಿಸುವ ಆಟವು ಅದಕ್ಕಿಂತ ಹಿಂದಿನದಾಗಲಾರದು. ಸೋಡಾ ಸೀಸೆಯ ತಗಡಿನ ಮುಚ್ಚಳವನ್ನು ಚಪ್ಪಟೆಮಾಡಿ, ಎರಡು ತೂತು ಕೊರೆದು, ದಾರ ಹಾಕಿ ಗುಂಯ್‌ಗುಟ್ಟಿಸುವ ಆಟಿಕೆಗೆ 1892ರ ಸುಮಾರು ಪೂರ್ವಸೀಮೆ. ಆ ಮುಚ್ಚಳಕ್ಕೆ ಅಮೆರಿಕದಲ್ಲಿ ಸ್ವಾಮ್ಯಪತ್ರ ದೊರೆತುದು ಆ ವರ್ಷ. ಶೇಂಗಾದ ಸಿಪ್ಪೆಯ ತುದಿಯನ್ನು ಒತ್ತಿ ಬಾಯಿ ಬಿಡಿಸಿ ಕಿವಿಗೆ ಸಿಕ್ಕಿಸಿಕೊಳ್ಳುವ ಓಲೆಯನ್ನು ನಮ್ಮ ಹುಡುಗಿಯರು ಅನಾದಿಯೆಂದೇ ತಿಳಿದಿರುವರು. ಶೇಂಗಾ ದಕ್ಷಿಣ ಅಮೆರಿಕದ ಗಿಡ. ವಿಜಯನಗರದ ಮೊದಲ ದೊರೆಗಳ ಮಕ್ಕಳು ಆ ಓಲೆಯನ್ನು ಇಟ್ಟಿರಲಾರರು.

ಉತ್ತರಸೀಮೆಗೆ ಉದಾಹರಣೆಯು ಈ ಸೀಮೆಯಲ್ಲಿಯೇ ಸಿದ್ಧವಾಗಿದೆ. ಇಪ್ಪತ್ತನೆಯ ಶತಮಾನದಲ್ಲಿ ಶೇಂಗಾ ಬೆಳೆಯು ಹಬ್ಬಿ, ಚಳ್ಳಕೆರೆಯು ಎಣ್ಣೆಗಿರಣಿಗಳ ಊರೆಂದು ಹೆಸರಾಯಿತು. ಜೋಳ ನವಣೆಗಳ ಹೊಲಗಳು ಅದಕ್ಕೆ ಎಡೆಗೊಟ್ಟವು. ಶೇಂಗಾದ ಬಳ್ಳಿಯಲ್ಲಿ ಬೆಂಡಿಲ್ಲ. ಬೆಂಡಿನ ಬಂಡಿಯು ಮಕ್ಕಳ ಕೈಯಿಂದ ಜಾರಿದುದು ಅಂಗಡಿಯ ಪ್ಲಾಸ್ಟಿಕ್ ಆಟಿಕೆಯಿಂದಲೇ ಎಂದು ಹೇಳುವವರು ಈ ಬೆಳೆಯ ಬದಲಾವಣೆಯನ್ನು ಗಣಿಸುವುದಿಲ್ಲ. ನನ್ನ ಮತದಲ್ಲಿ ಹೊಲವು ಮೊದಲು ಬದಲಾಯಿತು, ಅಂಗಡಿಯು ಆಮೇಲೆ ಬಂದಿತು. ಹಾಗೆಯೇ ಮಣ್ಣಿನ ಕೊಡಕ್ಕೆ ಪ್ಲಾಸ್ಟಿಕ್ ಕೊಡವು ಬದಲಾದಂದಿನಿಂದ ಕುಂಟಬಿಲ್ಲೆಗೆ ಬೋಕಿ ಸಿಕ್ಕುವುದು ದುರ್ಲಭ. ಹುಡುಗಿಯರು ಕಲ್ಲಿನ ಚಪ್ಪೆಯನ್ನೋ ನೆಲಕ್ಕೆ ಹಾಸುವ ಹೆಂಚಿನ ಚೂರನ್ನೋ ಹುಡುಕುತ್ತಾರೆ. ಹುಣಸೆಯ ಬೀಜವನ್ನು ಒಂದು ಮಗ್ಗುಲು ತೇದು ಬಿಳಿದು ಮಾಡಿ ಚೌಕಾಬಾರದಲ್ಲಿ ಕವಡೆಗೆ ಬದಲಾಗಿ ಎಸೆಯುವ ಪದ್ಧತಿಗೆ ಮಾತ್ರ ಈ ಆತಂಕವಿಲ್ಲ, ಏಕೆಂದರೆ ಸಾರು ನಿಂತಿಲ್ಲ.

ಬೋಕಿಯ ವಿಷಯ ಬಂದುದರಿಂದ ಒಂದು ಮಾತು. ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ಬ್ರಹ್ಮಗಿರಿಯಿದೆ. 1892ರಲ್ಲಿ ರೈಸ್ ಮಹಾಶಯರು ಅಲ್ಲಿಯೂ ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿಯೂ ಅಶೋಕನ ಶಾಸನಗಳನ್ನು ಕಂಡುಹಿಡಿದರು. 1947ರಲ್ಲಿ ವೀಲರ್ ಮಹಾಶಯರು ಅಲ್ಲಿ ಉತ್ಖನನ ನಡೆಸಿ, ಮುಖ್ಯವಾಗಿ ಮಡಕೆಯ ಚೂರುಗಳ ಆಧಾರದಿಂದಲೇ ದಕ್ಷಿಣದ ಪ್ರಾಚೀನ ಸಂಸ್ಕೃತಿಗಳ ಅನುಕ್ರಮವನ್ನು ಹೇಳಿದರು. ಭಾರತದ ಅನೇಕ ಉತ್ಖನನಗಳಲ್ಲಿ ಅಂಚು ತೇದು ದುಂಡಗೆ ಮಾಡಿದ ಬೋಕಿಗಳು ದೊರೆಯುತ್ತವೆ. ಪ್ರಾಕ್ತನ ವಿಮರ್ಶಕರು ಅವುಗಳನ್ನು ಕುಂಟಾಟದ ಬಿಲ್ಲೆಗಳೆಂದೇ ಕರೆಯುವುದುಂಟು. ಅವೆಲ್ಲವೂ ಬಿಲ್ಲೆಗಳೇ ಎಂದು ನಾನು ಸಾಧಿಸಲಾರೆ, ಕೆಲವು ಮುಚ್ಚಳಗಳೂ ತೂಕಗಳೂ ಆಗಿರಬಹುದು. ಆದರೆ ಒಡೆದ ಮಡಕೆಯ ಅಂಚನ್ನು ಕಲ್ಲಿಗೆ ತೇಯುವ ಕೈಕೆಲಸವು ನಮ್ಮ ಅಂಗಳಗಳಲ್ಲಿ ಇಂದಿನವರೆಗೂ ನಿಲ್ಲದೆ ಬಂದುದರಿಂದ ಆ ಹೆಸರು ಅನುಚಿತವಲ್ಲ.

ಯೂರೋಪಿನಲ್ಲಿ ಫ್ರೋಬೆಲನು 1837ರಲ್ಲಿ ತನ್ನ ಬಾಲೋದ್ಯಾನವನ್ನು ಆರಂಭಿಸಿ, ಕಾಗದ ಮಡಿಸುವುದು, ಹೆಣೆಯುವುದು, ಕಡ್ಡಿಗಳನ್ನು ಜೋಡಿಸುವುದು ಮೊದಲಾದವನ್ನು ಶಿಕ್ಷಣಕ್ರಮದಲ್ಲಿ ಸೇರಿಸಿದನು. ನಮ್ಮ ದೇಶದಲ್ಲಿ, 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ಮೊದಲಾದ ವಿಜ್ಞಾನಶಿಕ್ಷಣದ ಕಾರ್ಯಕ್ರಮದಿಂದ ಪ್ರೇರಿತರಾದ ಶ್ರೀ ಅರವಿಂದ ಗುಪ್ತರು ಕಸದಿಂದ ಆಟಿಕೆ ಮಾಡುವ ವಿಧಾನಗಳನ್ನು ಪುಸ್ತಕಗಳ ಮೂಲಕ ದೇಶದಲ್ಲೆಲ್ಲಾ ಹರಡಿದರು. ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅವರ ರಚನೆಗಳಲ್ಲಿ ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನ ಚೂರುಗಳಿಂದ ಕೂಡಿಸಿ ನಾನಾಕೃತಿಗಳನ್ನು ಕಟ್ಟುವುದು ಪ್ರಸಿದ್ಧವಾಗಿದೆ. ಸಿಬಿರನ್ನು ಬೆಂಡಿಗೆ ಚುಚ್ಚುವ ನಮ್ಮ ಹುಡುಗರ ಕ್ರಮವನ್ನು ಇದರೊಡನೆ ಹೋಲಿಸಿ ನೋಡಿದರೆ ತತ್ತ್ವದಲ್ಲಿ ಅಂತರವಿಲ್ಲ. ಅಲ್ಲಿ ರಬ್ಬರು ಕಡ್ಡಿಯನ್ನು ಹಿಡಿಯುತ್ತದೆ, ಇಲ್ಲಿ ಬೆಂಡು ಸಿಬಿರನ್ನು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಪದ್ಧತಿಯು ಆಟವನ್ನೂ ಕೈಕೆಲಸವನ್ನೂ ನಮ್ಮ ಪ್ರಾಥಮಿಕ ಶಾಲೆಗಳೊಳಕ್ಕೆ ತಂದಿತು. ಆದರೆ ಶಾಲೆಯಲ್ಲಿ ಹೇಳಿಕೊಡುವ ವಿಧಾನಗಳು ಎಲ್ಲ ಊರಿಗೂ ಒಂದೇ ಆಗುವ ಸಂಭವವಿದೆ. ಮನೆಯ ವಿಧಾನವು ಆ ಊರಿನ ಬೆಳೆಯನ್ನೂ ಮಗ್ಗವನ್ನೂ ಅನುಸರಿಸಿದುದು, ಮತ್ತು ಅದಕ್ಕೆ ಬರವಣಿಗೆಯ ಆಶ್ರಯವಿಲ್ಲ.

ಈ ಕಾರಣದಿಂದ ವಾಚಕಮಹಾಶಯರಲ್ಲಿ ಒಂದು ವಿಜ್ಞಾಪನೆ. ತಂತಮ್ಮ ಸೀಮೆಯಲ್ಲಿ ದಂಟಿನ ಬಂಡಿಗೆ, ಬೋಕಿಯ ಬಿಲ್ಲೆಗೆ, ಚಿಂದಿಯ ಚೆಂಡಿಗೆ ಇರುವ ಹೆಸರುಗಳನ್ನೂ, ಅವು ಯಾವ ಬೆಳೆಯಿಂದ ಅಥವಾ ಯಾವ ಹಳೆಯ ಪದಾರ್ಥದಿಂದ ಆಗುತ್ತವೆಂಬುದನ್ನೂ, ಯಾವಾಗಿನವರೆಗೆ ಮಕ್ಕಳ ಕೈಯಲ್ಲಿ ಕಂಡಿದ್ದಿರೆಂಬುದನ್ನೂ ಪತ್ರಿಕೆಗೆ ಬರೆದು ತಿಳಿಸಬೇಕು. ಮನೆಯಲ್ಲಿ ಅಜ್ಜಿಯರಿದ್ದರೆ ಅವರನ್ನು ಕೇಳಿ ಅವರ ಮಾತಿನಲ್ಲಿಯೇ ಬರೆಯುವುದು ಉತ್ತಮ. ಆಟಿಕೆಯನ್ನೇ ಕಳುಹಿಸಿದರೂ ಸಂತೋಷ. ಬೆಂಡಿನ ಬಂಡಿಯನ್ನು ಮಾತ್ರ ಅಂಚೆಗೆ ಹಾಕದೆ ಅದರ ಚಿತ್ರವನ್ನು ಬರೆದು ಕಳುಹಿಸಬೇಕಾಗಿ ಕೋರುತ್ತೇನೆ.