ಫಿರಂಗಿ ಬಿಟ್ಟು ಕರಣೆ ಹಿಡಿದ ಬ್ರಿಗೇಡಿಯರ್

ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದನೆಂದು ನಾವು ಮಕ್ಕಳಿಗೆ ಧೈರ್ಯವಾಗಿ ಪಾಠ ಹೇಳುತ್ತೇವೆ. ಅದಕ್ಕೆ ಶಾಸನದ ಆಧಾರವಿದೆ. ಆದರೆ ಅಕ್ಷರವೇ ಇಲ್ಲದ ಕಾಲದಲ್ಲಿ ಇಲ್ಲಿ ಬಾಳಿದವರ ಕಥೆಯನ್ನು ಯಾವ ಆಧಾರದಿಂದ ಹೇಳುವುದು? ಹೊಲ ಉಳುವಾಗ ಸಿಗುವ ನುಣುಪಾದ ಕಲ್ಲುಕೊಡಲಿಗೆ, ಕಪ್ಪು-ಕೆಂಪು ಬಣ್ಣದ ಮಡಕೆ ಚೂರಿಗೆ ಇಸವಿ ಬರೆದಿರುವುದಿಲ್ಲ. ಈ ಪ್ರಶ್ನೆಗೆ ನಮ್ಮ ಹಳೆಯ ಜಿಲ್ಲೆಯಾದ ಚಿತ್ರದುರ್ಗದ ನೆಲದಲ್ಲೇ ಉತ್ತರ ಹುಡುಕಿದವರು ಒಬ್ಬ ಸೈನಿಕ, ಬ್ರಿಗೇಡಿಯರ್ ಮಾರ್ಟಿಮರ್ ವೀಲರ್. ಶಾಲೆಯ ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಅವರನ್ನು ನೆನೆಯುವುದು ಉಚಿತವೆಂದು ಭಾವಿಸಿದ್ದೇನೆ.

ವೀಲರ್ ಅವರು 1890ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿಯಾಗಿದ್ದು, ಶೌರ್ಯಕ್ಕಾಗಿ ಮಿಲಿಟರಿ ಕ್ರಾಸ್ ಪದಕ ಪಡೆದರು. ಯುದ್ಧ ಮುಗಿದ ಮೇಲೆ ವೇಲ್ಸ್ ಮತ್ತು ಇಂಗ್ಲೆಂಡಿನ ಹಳೆಯ ಕೋಟೆ, ಪಟ್ಟಣಗಳನ್ನು ಅಗೆದು ಹೆಸರಾದರು. ಎರಡನೆಯ ಮಹಾಯುದ್ಧ ಬಂದಾಗ ಐವತ್ತರ ಹೊಸ್ತಿಲಲ್ಲಿದ್ದರೂ ಮತ್ತೆ ಸೈನ್ಯ ಸೇರಿ, ಉತ್ತರ ಆಫ್ರಿಕಾದ ಎಲ್ ಅಲಮೀನ್ ಕದನದಲ್ಲಿ ಪಾಲ್ಗೊಂಡರು. ಆ ಯುದ್ಧ ಇನ್ನೂ ನಡೆಯುತ್ತಿರುವಾಗಲೇ, 1944ರಲ್ಲಿ, ಭಾರತದ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾಗಿ ಬಂದರು.

ಸೈನ್ಯದ ಶಿಸ್ತನ್ನು ಅವರು ಗುಂಡಿಯೊಳಗೂ ತಂದರು. ನೆಲವನ್ನು ಚದುರಂಗದ ಹಾಸಿನಂತೆ ಚೌಕಗಳಾಗಿ ಗುರುತು ಮಾಡಬೇಕು. ಎರಡು ಚೌಕಗಳ ನಡುವೆ, ಗದ್ದೆಯ ಬದುವಿನಂತೆ, ಅಗೆಯದ ಮಣ್ಣಿನ ಗೋಡೆ ಉಳಿಸಬೇಕು. ಆ ಗೋಡೆಯಲ್ಲಿ ಮಣ್ಣಿನ ಪದರಗಳು ಒಂದರ ಮೇಲೊಂದು ಕಾಣುತ್ತವೆ: ಬೂದಿ, ತುಳಿದು ಗಟ್ಟಿಯಾದ ನೆಲ, ಕುಸಿದ ಗೋಡೆ, ಮತ್ತೆ ನೆಲ. ಯಾವ ವಸ್ತು ಯಾವ ಪದರದಲ್ಲಿ ಸಿಕ್ಕಿತೆಂದು ಆಗಲೇ ಬರೆದಿಡಬೇಕು. ಕೆಳಗಿನದು ಹಳೆಯದು, ಮೇಲಿನದು ಹೊಸದು. ನಡುವೆ ಯಾರೋ ತೋಡಿದ ಹಗೇವು ಇದ್ದರೆ ಅದನ್ನೂ ಗುರುತಿಸಬೇಕು. 1944ರಲ್ಲಿ ತಕ್ಷಶಿಲೆಯಲ್ಲಿ ಶಿಬಿರ ನಡೆಸಿ ಈ ವಿಧಾನವನ್ನು ಭಾರತೀಯ ತರುಣರಿಗೆ ಕಲಿಸಿದರು. ಬಿ.ಬಿ. ಲಾಲ್, ಬಿ.ಕೆ. ಥಾಪರ್ ಅವರಂಥವರು ಆ ಗರಡಿಯಲ್ಲಿ ಪಳಗಿದವರು.

ನಮ್ಮ ಸೀಮೆಗೆ ಅವರು ಬಂದದ್ದು ಸ್ವಾತಂತ್ರ್ಯ ಬಂದ ವರ್ಷ, 1947ರಲ್ಲಿ. ದಾವಣಗೆರೆ, ಹರಿಹರಗಳೂ ಆಗ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದವು. ಅದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನವನ್ನು ಪತ್ತೆ ಮಾಡಿದ್ದರು. ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು ವೀಲರ್‌ಗಿಂತ ಮೊದಲೇ ಚಂದ್ರವಳ್ಳಿಯಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ಅಗೆದು ದಾರಿ ತೋರಿದ್ದರು. ಈ ಕನ್ನಡದ ವಿದ್ವಾಂಸರನ್ನು ಮರೆತು ವೀಲರ್ ಅವರನ್ನು ಮಾತ್ರ ಹೊಗಳುವುದು ನ್ಯಾಯವಲ್ಲ.

ವೀಲರ್ ಹಾಕಿದ ಲೆಕ್ಕ ಸರಳವಾಗಿತ್ತು. 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಅವರಿಗೆ ರೋಮ್ ಸಾಮ್ರಾಜ್ಯದಿಂದ ಬಂದ ಮಡಕೆಗಳು ಸಿಕ್ಕಿದ್ದವು. ಅವುಗಳ ಕಾಲ ಕ್ರಿಸ್ತಶಕದ ಆರಂಭದ ಸುಮಾರು ಎಂದು ಯುರೋಪಿನಲ್ಲಿ ಮೊದಲೇ ಗೊತ್ತಿತ್ತು. ಅದೇ ಜಾಗದಲ್ಲಿ, ಒಳಗಡೆ ಹಲ್ಲುಚಕ್ರ ಉರುಳಿಸಿದಂಥ ಸಣ್ಣ ಗೆರೆಗಳ ವೃತ್ತವಿದ್ದ ತಟ್ಟೆಗಳೂ ಇದ್ದವು. ಅಂಥ ತಟ್ಟೆಯ ಚೂರುಗಳು ಬ್ರಹ್ಮಗಿರಿಯ ಮೇಲಿನ ಪದರದಲ್ಲಿ, ಶಾತವಾಹನರ ಕಾಲದ ನೆಲೆಯಲ್ಲಿ ಕಂಡವು. ಹೀಗೆ ಒಂದು ಪದರಕ್ಕೆ ಕಾಲ ಸಿಕ್ಕಿತು. ಅದರ ಕೆಳಗೆ ಕಬ್ಬಿಣ ಬಳಸಿ, ಸತ್ತವರಿಗೆ ದೊಡ್ಡ ಬಂಡೆಗಳ ಗೋರಿ ಕಟ್ಟಿದ ಜನ. ಅವರ ಕೆಳಗೆ ಕಲ್ಲುಕೊಡಲಿಯ ಜನ. ದಕ್ಷಿಣ ಭಾರತದ ಪ್ರಾಚೀನ ಇತಿಹಾಸಕ್ಕೆ ಗಟ್ಟಿಯಾದ ಮೆಟ್ಟಿಲುಗಳು ದೊರೆತದ್ದು ಹೀಗೆ.

ಅವರು ಕೊಟ್ಟ ಇಸವಿಗಳೆಲ್ಲ ನಿಲ್ಲಲಿಲ್ಲ. ಬೃಹತ್ ಶಿಲಾಗೋರಿಗಳ ಜನ ಕ್ರಿ.ಪೂ. 200ರ ಸುಮಾರಿಗೆ ಬಂದರೆಂದು ಅವರು ಎಣಿಸಿದ್ದರು. 1965ರಲ್ಲಿ ಹರಿಹರಕ್ಕಿಂತ ಮೇಲೆ, ತುಂಗಭದ್ರೆಯ ದಡದಲ್ಲೇ ಇರುವ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಅಗೆತ ನಡೆಸಿದರು. ಅಲ್ಲಿ ಸಿಕ್ಕ ಇದ್ದಿಲನ್ನು ಪರೀಕ್ಷಿಸಿದಾಗ ಕಬ್ಬಿಣದ ಬಳಕೆ ಕ್ರಿ.ಪೂ. 1000ದಷ್ಟು ಹಿಂದಕ್ಕೆ ಹೋಯಿತು. ವೀಲರ್ ಅವರ ಇಸವಿ ಬದಲಾಯಿತು. ಪದರಗಳ ಕ್ರಮ ಮಾತ್ರ ಬದಲಾಗಲಿಲ್ಲ. ಮುಂದೆ ಬಂದವರು ತಿದ್ದಬಹುದಾದಂತೆ ಎಲ್ಲವನ್ನೂ ದಾಖಲಿಸಿಟ್ಟು ಹೋದದ್ದೇ ಅವರ ದೊಡ್ಡತನ. 1948ರಲ್ಲಿ ಅವರು ಹುದ್ದೆ ಬಿಟ್ಟರು. 1976ರಲ್ಲಿ ನಿಧನರಾದರು.

ಹಿರಿಯ ವಿದ್ಯಾರ್ಥಿಗಳಲ್ಲಿ ಹಾಗೂ ಗ್ರಾಮಸ್ಥರಲ್ಲಿ ನನ್ನದೊಂದು ವಿನಂತಿ. ಹಾಳೂರ ದಿಬ್ಬದ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರವೆಂದು, ಇಟ್ಟಿಗೆಗೆ ಆದೀತೆಂದು ಟ್ರ್ಯಾಕ್ಟರಿನಲ್ಲಿ ಹೇರುವುದು ನಮ್ಮ ಕಡೆ ಹೊಸದೇನಲ್ಲ. ನಿಧಿಯಾಸೆಗೆ ರಾತ್ರಿ ಅಗೆಯುವವರೂ ಇದ್ದಾರೆ. ಅಲ್ಲಿ ಸಿಕ್ಕ ಮಡಕೆಯನ್ನು ಎತ್ತಿ ಶಾಲೆಯ ಬೀರುವಿನಲ್ಲಿ ಜೋಪಾನವಾಗಿ ಇಟ್ಟರೂ, ಅದು ಯಾವ ಪದರದಲ್ಲಿತ್ತೆಂಬುದು ಹೋದರೆ ಅದರ ಅರ್ಧ ಕಥೆ ಹೋದಂತೆಯೇ. ಜೆಸಿಬಿ ಒಂದು ದಿನದಲ್ಲಿ ಕಲಸಿದ ಮಣ್ಣನ್ನು ಯಾವ ವಿದ್ವಾಂಸನೂ ಮತ್ತೆ ಜೋಡಿಸಲಾರ. ಆದ್ದರಿಂದ ಹಳೆಯ ವಸ್ತು ಕಂಡರೆ ಕೈಹಾಕದೆ, ಜಾಗದ ಗುರುತು ಬರೆದುಕೊಂಡು, ಪಂಚಾಯಿತಿಗೋ ತಾಲ್ಲೂಕು ಕಚೇರಿಗೋ ತಿಳಿಸಿರಿ. ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಸಂತೋಷ ದೊಡ್ಡದು. ನಾವು ನಿಂತ ಈ ನೆಲಕ್ಕೆ ಸಾವಿರಾರು ವರ್ಷ ತುಂಬಿದೆ. ಅದರ ಪುಟಗಳನ್ನು ಓದುವ ಮೊದಲೇ ಹರಿಯದಿರೋಣ.