ಹೊಗೆಸೊಪ್ಪಿನ ಪಕ್ವತಾನಿರ್ಣಯ: ವರ್ಣವೋ, ಬಿಂದುಲಕ್ಷಣವೋ?

ಸಸ್ಯಗಳ ಗುಣವನ್ನು ಛಾಯಾಬಿಂಬದಿಂದ ನಿರ್ಣಯಿಸುವಲ್ಲಿ ವರ್ಣವೇ ಪ್ರಧಾನ ಪ್ರಮಾಣವೆಂಬ ಮತ ಬಹುಮಟ್ಟಿಗೆ ನಿರ್ವಿವಾದವಾಗಿ ನಡೆದುಬಂದಿದೆ. ಮಾವು, ಬಾಳೆ, ಟೊಮ್ಯಾಟೊಗಳ ನಿದರ್ಶನ ಸರ್ವವಿದಿತವಾದುದರಿಂದ ಅದನ್ನಿಲ್ಲಿ ವಿಸ್ತರಿಸಬೇಕಾಗಿಲ್ಲ. ಆದರೆ ಮೈಸೂರು ವಿಶ್ವವಿದ್ಯಾನಿಲಯದ ಡಿ. ಎಸ್. ಗುರು ಅವರು ಪಿ. ಬಿ. ಮಲ್ಲಿಕಾರ್ಜುನ, ಎಸ್. ಮಂಜುನಾಥ ಹಾಗೂ ಎಂ. ಎಂ. ಶೆಣೈ ಅವರೊಡಗೂಡಿ 2012ರಲ್ಲಿ ಪ್ರಕಟಿಸಿದ, ಹೊಗೆಸೊಪ್ಪಿನ ಎಲೆಗಳ ವರ್ಗೀಕರಣವನ್ನು ಕುರಿತ ಪ್ರಬಂಧವನ್ನೂ ಹಳದಿಯನ್ನಳೆಯುವ ಮತ್ತೊಂದು ಉಪಾಯವೆಂದೇ ಎಣಿಸುವುದು ಯುಕ್ತವಲ್ಲವೆಂದು ತೋರುತ್ತದೆ.

ಆ ವಿಧಾನದಲ್ಲಿ ಮೊದಲು 1976ರ ಸಿಐಇ-ಲ್ಯಾಬ್ ವರ್ಣಮಾನದಿಂದ ಎಲೆಯನ್ನು ಹಿನ್ನೆಲೆಯಿಂದ ಬೇರ್ಪಡಿಸಿ, ಬಳಿಕ ಸೋಬೆಲ್ ಅಥವಾ ಕ್ಯಾನಿ ಅಂಚುಶೋಧಕವನ್ನು ಲಾಪ್ಲಾಸ್ ಶೋಧಕದೊಡನೆ ಕೂಡಿಸಿ, ಎಲೆಯ ಮೈಮೇಲಿನ ಪಕ್ವತಾಬಿಂದುಗಳ, ಎಂದರೆ ಮಾಗುವಾಗ ಮೂಡುವ ಚುಕ್ಕೆಗಳ, ಸಾಂದ್ರತೆಯನ್ನು ಗಣಿಸಲಾಗುತ್ತದೆ. ಈ ಸಾಂದ್ರತೆ, ಹಳದಿತನ ಇವೆರಡರಿಂದ ಮಾಗುವಿಕೆಯ ಪ್ರಮಾಣವು ಸಿದ್ಧಿಸಿ, ಸರಳ ಮಿತಿಸಂಖ್ಯೆಗಳಿಂದ ಎಲೆಯು ಬಲಿಯದ್ದೋ, ಮಾಗಿದ್ದೋ, ಅತಿಯಾಗಿ ಮಾಗಿದ್ದೋ ಎಂಬುದು ನಿಶ್ಚಯವಾಗುತ್ತದೆ.

ಈ ಎರಡರಲ್ಲಿ ಪ್ರಾಧಾನ್ಯ ಯಾವುದಕ್ಕೆ ಎಂಬುದೇ ವಿವಾದದ ತಿರುಳು. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪು ಮಳೆಯಾಶ್ರಯದ ಬೆಳೆ. ಅಲ್ಲಿನ ಹಗುರ ಮಣ್ಣಿನಲ್ಲಿ ಬಿರುಮಳೆ ಸುರಿದಾಗ ಸಾರಜನಕವು ಬಸಿದುಹೋಗಿ, ಬಲಿಯದ ಎಲೆಯೂ ಹಳದಿಗೆ ತಿರುಗುವುದುಂಟು. ಸಾರಜನಕ ಮಿತಿಮೀರಿದರೆ, ಬಲಿತ ಎಲೆಯೂ ಹಸುರನ್ನು ಬಿಡದು. ಎಂದಮೇಲೆ ಹಳದಿಯು ಪಕ್ವತೆಗೆ ಸಾಕ್ಷಿಯಾಗಿರುವಷ್ಟೇ ಸಾರಜನಕದ ಹಸಿವಿಗೂ ಸಾಕ್ಷಿ. ಬಲಿಯದೆ ಹಳದಿಯಾದ ಎಲೆಯನ್ನು ಮುರಿದು ಹದಮಾಡುವ ಬ್ಯಾರನ್ನಿಗೆ ತುಂಬಿದ ಬೇಸಾಯಗಾರನಿಗೆ ಹರಾಜುಕಟ್ಟೆಯಲ್ಲಿ ದೊರೆಯುವ ಬೆಲೆಯನ್ನು ಊಹಿಸಲು ಯಂತ್ರವೇನೂ ಬೇಕಿಲ್ಲ. ಇದಲ್ಲದೆ, ಕೊಯ್ಲಿನ ಕಾಲ ಮುಂಗಾರಿನ ಮೋಡದ ಕಾಲವೂ ಆಗಿರುವುದರಿಂದ, ಬಯಲಿನಲ್ಲಿ ತೆಗೆದ ಚಿತ್ರದ ಬಣ್ಣವು ಗಳಿಗೆಗೊಮ್ಮೆ ಬದಲಾಗುವ ಬೆಳಕಿಗೆ ಅಧೀನವಾಗಿರುತ್ತದೆ. ಬಿಂದುವಾದರೋ ತನ್ನ ನೆರೆಯ ಭಾಗದೊಡನೆ ಇರುವ ಅಂತರದಿಂದಲೇ ಗೋಚರಿಸುವುದಾಗಿ, ಆ ಚಾಂಚಲ್ಯಕ್ಕೆ ಅಷ್ಟಾಗಿ ವಶವಾಗದು. ಆದಕಾರಣ, ಬಿಂದುಸಾಂದ್ರತೆಯೇ ಇಲ್ಲಿನ ಮುಖ್ಯ ಲಕ್ಷಣ, ಹಳದಿತನವು ಅದಕ್ಕೆ ಪೋಷಕ ಎಂದು ಹೇಳಬಹುದೆಂದು ನನ್ನ ಎಣಿಕೆ.

ಈ ಮಾತನ್ನು ಮಿತಿಯರಿತು ಸ್ವೀಕರಿಸತಕ್ಕದ್ದು. ಪ್ರಬಂಧಕಾರರು ಇಂತಹ ತರತಮವನ್ನು ಸಿದ್ಧಾಂತವಾಗಿ ಮಂಡಿಸಿದರೆಂಬುದು ನನ್ನ ವಾದವಲ್ಲ. ಬೆಳಕು ಬಹಳ ಕುಗ್ಗಿದರೆ ಬಿಂದುವಿನ ಅಂತರವೂ ಕುಗ್ಗುವುದು ನಿಶ್ಚಯ. ಲಾಪ್ಲಾಸ್ ಶೋಧಕವು ಬಿಂದುವನ್ನು ಹೇಗೋ ಹಾಗೆ ಚಿತ್ರದ ಗದ್ದಲವನ್ನೂ (ನಾಯ್ಸ್) ಎತ್ತಿ ತೋರಿಸುತ್ತದೆ. ಅಂಚುಶೋಧಕಕ್ಕೆ ಎಲೆಯ ನರವೂ ಅಂಚೇ, ಮಳೆಹನಿಯೂ ಅಂಚೇ. ಎಲ್ಲಕ್ಕಿಂತ ಕಠಿಣವಾದುದು ಕಪ್ಪೆಕಣ್ಣು ರೋಗದ ಚುಕ್ಕೆ: ನಡುವೆ ಬೂದಿಬಣ್ಣ, ಸುತ್ತ ಕಂದು ಅಂಚುಳ್ಳ ಅದನ್ನು ಅನುಭವಿಯು ಕೂಡಲೇ ಬೇರ್ಪಡಿಸಬಲ್ಲನಾದರೂ, ಬರಿಯ ಸಾಂದ್ರತೆಯ ಎಣಿಕೆಯಲ್ಲಿ ಅದೂ ಪಕ್ವತೆಯ ಲೆಕ್ಕಕ್ಕೇ ಸೇರಿಬಿಡಬಹುದು. ಇದರ ಪರಿಹಾರಕ್ಕೆ ಬಿಂದುವಿನ ಆಕಾರವನ್ನು ಆಶ್ರಯಿಸಬೇಕೋ, ಇಲ್ಲವೆ ಗೌಣವೆಂದೆಣಿಸಿದ ವರ್ಣವನ್ನೇ ಬಿಂದುವಿನೊಳಕ್ಕೆ ಮರಳಿ ಕರೆಯಬೇಕೋ ಎಂಬುದು, ರೋಗಪೀಡಿತ ಎಲೆಗಳನ್ನು ಬುದ್ಧಿಪೂರ್ವಕವಾಗಿ ಬೆರೆಸಿ ನಡೆಸುವ ಪರೀಕ್ಷೆಯಿಂದಲ್ಲದೆ ತೀರ್ಮಾನವಾಗತಕ್ಕದ್ದಲ್ಲ.