ಕಾಮಾಠಿ ಬಾಗ್: ಬಾಬಾಸಾಹೇಬರು ರೈಲಿಗಾಗಿ ಕಾದ ತೋಟ

 

ಗುಜರಾತಿನ ವಡೋದರಾದಲ್ಲಿ, ಅಂದರೆ ಹಳೇ ಬರೋಡಾದಲ್ಲಿ, ಸಯಾಜಿ ಬಾಗ್ ಅಂತ ಒಂದು ದೊಡ್ಡ ಸಾರ್ವಜನಿಕ ಉದ್ಯಾನ ಇದೆ. ಹಳೇ ಹೆಸರು ಕಾಮಾಠಿ ಬಾಗ್. ಮೂರನೇ ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ, 1879ರಲ್ಲಿ ಆಗಿದ್ದು. ನೂರು ಎಕರೆಗೂ ಹೆಚ್ಚು ವಿಸ್ತಾರ. ಪಕ್ಕದಲ್ಲೇ ವಿಶ್ವಾಮಿತ್ರಿ ನದಿ, ಅದರಲ್ಲಿ ಊರಿನ ನಟ್ಟನಡುವೆಯೇ ಮೊಸಳೆಗಳು! ಒಳಗೆ ಮ್ಯೂಸಿಯಂ, ಮೃಗಾಲಯ, ತಾರಾಲಯ, ಮಕ್ಕಳ ರೈಲು. ಗೇಟಿನ ಹತ್ತಿರ ಕುದುರೆ ಮೇಲೆ ಕೂತ ಸಯಾಜಿರಾವ್ ಪ್ರತಿಮೆ. ಊರಿನವರು ಅದನ್ನ ‘ಕಾಲಾ ಘೋಡಾ’ ಅಂತಾರೆ, ಕಪ್ಪು ಕುದುರೆ. ಆಟೋದವರಿಗೆ ಅಷ್ಟು ಹೇಳಿದ್ರೆ ಸಾಕು.

ಹೋದ ತಿಂಗಳು ಮುಂಬೈಗೆ ಹೋಗಿದ್ದವನು ಅಲ್ಲಿಂದ ರಾತ್ರಿ ರೈಲು ಹಿಡಿದು ಈ ತೋಟ ನೋಡೋಕೆ ಅಂತಾನೇ ಹೋದೆ. ರೈಲ್ವೆ ಸ್ಟೇಷನ್ನಿನಿಂದ ಒಂದು ಕಿಲೋಮೀಟರಿನ ಆಸುಪಾಸು, ನಡೆದೇ ಹೋಗಬಹುದು. ಈ ದೂರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1917ರ ಸೆಪ್ಟೆಂಬರಿನಲ್ಲಿ ಇಪ್ಪತ್ತಾರು ವರ್ಷದ ಒಬ್ಬ ಯುವಕ ಈ ತೋಟದಲ್ಲಿ ಒಂದು ಸಂಜೆ ಪೂರ್ತಿ ಕೂತಿದ್ದ. ಕೊಲಂಬಿಯಾ ವಿಶ್ವವಿದ್ಯಾಲಯದ ಎಂ.ಎ., ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ವಿದ್ಯಾರ್ಥಿ, ಬರೋಡಾ ಸಂಸ್ಥಾನದ ಅಕೌಂಟೆಂಟ್ ಜನರಲ್ ಕಚೇರಿಯ ಪ್ರೊಬೇಷನರ್. ಅಷ್ಟು ದೊಡ್ಡ ಊರಲ್ಲಿ ಆ ರಾತ್ರಿ ಮಲಗೋಕೆ ಅವನಿಗೆ ಜಾಗ ಇರಲಿಲ್ಲ.

ನಮ್ಮ ಕಾರ್ಯಕ್ರಮಗಳಲ್ಲಿ ಈ ಕಥೆಯನ್ನ ಎರಡು ಸಾಲಲ್ಲಿ ಹೇಳಿ ಮುಗಿಸ್ತೀವಿ. ‘ಬರೋಡಾದಲ್ಲಿ ಅವಮಾನ ಆಯ್ತು, ಆಲದ ಮರದ ಕೆಳಗೆ ಕೂತು ಸಂಕಲ್ಪ ಮಾಡಿದ್ರು.’ ಮುಗೀತು, ಚಪ್ಪಾಳೆ. ಆದರೆ ಬಾಬಾಸಾಹೇಬರೇ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಇದನ್ನ ವಿವರವಾಗಿ ಬರೆದಿಟ್ಟಿದ್ದಾರೆ. 1930ರ ದಶಕದಲ್ಲಿ ಬರೆದದ್ದು, ಅಚ್ಚಾಗಿದ್ದು ಅವರು ತೀರಿಕೊಂಡು ಮೂವತ್ತು ವರ್ಷ ದಾಟಿದ ಮೇಲೆ, 1990ರಲ್ಲಿ. ಅದರಲ್ಲಿ ಇರೋದನ್ನ ನನ್ನ ಮಾತಲ್ಲಿ ಹೇಳ್ತೀನಿ.

1913ರಲ್ಲಿ ಸಯಾಜಿರಾವ್ ಅವರ ಸ್ಕಾಲರ್‌ಶಿಪ್ ಮೇಲೆ ಅಮೆರಿಕಕ್ಕೆ ಹೋದರು. ಓದಿ ಬಂದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕು ಅನ್ನೋದು ಕರಾರು. ಅವಧಿ ಮುಗಿದ ಕಾರಣ ಲಂಡನ್ನಿನ ಓದನ್ನ ಅರ್ಧಕ್ಕೇ ಬಿಟ್ಟು ಬರೋಡಾಕ್ಕೆ ಬಂದರು. ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಎದುರಾದ ಪ್ರಶ್ನೆ ಒಂದೇ, ಎಲ್ಲಿ ಉಳಿಯೋದು? ಹಿಂದೂ ಹೋಟೆಲುಗಳು ಸೇರಿಸಲ್ಲ. ಹೆಸರು ಬದಲಿಸಿಕೊಂಡು ಹೋದರೆ ಗುರುತಿನವರು ಸಿಕ್ಕಿ ಬಯಲಾಗುತ್ತೆ. ಪಾರ್ಸಿಗಳ ಧರ್ಮದಲ್ಲಿ ಅಸ್ಪೃಶ್ಯತೆ ಇಲ್ಲವಲ್ಲ ಅಂತ ಧೈರ್ಯ ಮಾಡಿ ಅವರ ವಸತಿಗೃಹಕ್ಕೆ ಗಾಡಿ ಹೊಡೆಸಿದರು.

ಅಲ್ಲಿನ ಮೇಲ್ವಿಚಾರಕ ಮುದುಕ. ಇವರು ಕೋಟು ಬಿಚ್ಚಿದಾಗ ಮೈಮೇಲೆ ಪಾರ್ಸಿಗಳ ಸದ್ರಾ ಇಲ್ಲ, ಕಸ್ತಿ ದಾರ ಇಲ್ಲ. ನೀನು ಯಾರು ಅಂತ ಕೇಳಿಬಿಟ್ಟ. ಹಿಂದೂ ಅಂದರು. ಪಾರ್ಸಿಗಳ ಹೊರತು ಬೇರೆಯವರಿಗೆ ಜಾಗ ಇಲ್ಲ ಅಂದ. ಆದರೆ ಆ ವಸತಿಗೃಹಕ್ಕೆ ಗಿರಾಕಿಗಳೇ ಬರ್ತಿರಲಿಲ್ಲ, ಮುದುಕನಿಗೂ ಕಾಸು ಬೇಕಿತ್ತು. ಕೊನೆಗೆ ಒಂದು ಒಪ್ಪಂದ ಆಯ್ತು: ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆಯಬೇಕು, ದಿನಕ್ಕೆ ಒಂದೂವರೆ ರೂಪಾಯಿ ಕೊಡಬೇಕು.

ಮೇಲಿನ ಮಹಡಿಯಲ್ಲಿ ಒಂದು ಸಣ್ಣ ಕೋಣೆ. ಪಕ್ಕದಲ್ಲಿ ಮುರಿದ ಬೆಂಚು, ಕುರ್ಚಿ ತುಂಬಿದ ದೊಡ್ಡ ಹಜಾರ. ಕತ್ತಲಾದ್ರೆ ಬಾವಲಿಗಳ ಹಾರಾಟ. ವಿದ್ಯುತ್ ಇಲ್ಲ, ಒಂದು ಲಾಟೀನು. ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ. ನ್ಯೂಯಾರ್ಕು, ಲಂಡನ್ನು ನೋಡಿ ಬಂದ ಮನುಷ್ಯ ಆ ಲಾಟೀನಿನ ಬೆಳಕಲ್ಲಿ ಪುಸ್ತಕ ಹಿಡಿದು ಒಂಟಿತನ ಮರೆಯೋಕೆ ನೋಡ್ತಿದ್ದರು. ಜೊತೆಗಿದ್ದ ಅಕ್ಕನ ಮಗ ಮಾವನ ಸ್ಥಿತಿ ನೋಡಿ ಜೋರಾಗಿ ಅತ್ತಿದ್ದಕ್ಕೆ ಅವನನ್ನ ವಾಪಸ್ ಕಳಿಸಬೇಕಾಯ್ತು. ಇಡೀ ಬರಹದಲ್ಲಿ ನನ್ನನ್ನ ತುಂಬಾ ಅಲ್ಲಾಡಿಸಿದ್ದು ಈ ಹುಡುಗನ ಅಳು.

ಹನ್ನೊಂದನೇ ದಿನ ಬೆಳಿಗ್ಗೆ ತಿಂಡಿ ತಿಂದು, ಬಟ್ಟೆ ಹಾಕ್ಕೊಂಡು, ಲೈಬ್ರರಿಗೆ ವಾಪಸ್ ಕೊಡಬೇಕಿದ್ದ ಪುಸ್ತಕ ಕೈಲಿ ಹಿಡಿದು ಆಫೀಸಿಗೆ ಹೊರಟಿದ್ದಾರೆ. ಆಗ ಸುಮಾರು ಹನ್ನೆರಡು ಜನ ಪಾರ್ಸಿಗಳು ದೊಣ್ಣೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಪಾರ್ಸಿ ಹೆಸರಲ್ಲಿ ಇದ್ದು ನಮ್ಮ ಜಾಗ ಮೈಲಿಗೆ ಮಾಡಿದ್ದೀಯಾ ಅಂತ ಗದರಿಸಿದರು. ಒಂದು ವಾರ ಸಮಯ ಕೊಡಿ ಅಂತ ಇವರು ಬೇಡಿಕೊಂಡರು. ಇಲ್ಲ, ಸಂಜೆಯೊಳಗೆ ಖಾಲಿ ಮಾಡಬೇಕು ಅಂದರು.

ಊರಲ್ಲಿ ಇಬ್ಬರು ಸ್ನೇಹಿತರಿದ್ದರು. ಒಬ್ಬ ಹಿಂದೂ. ಅವನು, ನೀನು ನನ್ನ ಮನೆಗೆ ಬಂದರೆ ಆಳುಗಳು ಬಿಟ್ಟು ಹೋಗ್ತಾರೆ ಅಂದ. ಇನ್ನೊಬ್ಬ ಕ್ರೈಸ್ತ, ಮೂಲದಲ್ಲಿ ಬ್ರಾಹ್ಮಣ. ಅವನು ಹೆಂಡತಿಯನ್ನ ಕೇಳಬೇಕು ಅಂದ. ಇಬ್ಬರೂ ಕೆಟ್ಟವರಲ್ಲ, ಬೈಯಲಿಲ್ಲ, ಬಾಗಿಲು ಬಡಿಯಲಿಲ್ಲ. ಮರ್ಯಾದೆಯಿಂದ ಹೇಳಿದ ‘ಇಲ್ಲ’ ಅದು. ನಮಗೆಲ್ಲ ಗೊತ್ತಿರೋದೇ ಅಲ್ವಾ.

ಅಷ್ಟೊತ್ತಿಗೆ ಸಂಜೆ ನಾಲ್ಕು ಗಂಟೆ. ಮುಂಬೈ ರೈಲು ರಾತ್ರಿ ಒಂಬತ್ತಕ್ಕೆ. ಐದು ಗಂಟೆ ಎಲ್ಲಿ ಕಳೆಯೋದು? ವಸತಿಗೃಹಕ್ಕೆ ಹೋದ್ರೆ ದೊಣ್ಣೆಯವರು ಮತ್ತೆ ಬಂದರೂ ಬಂದರೇ. ಹೀಗೆ ಬಾಬಾಸಾಹೇಬರು ಕಾಮಾಠಿ ಬಾಗ್‌ಗೆ ಬಂದರು. ಎಂಟು ಗಂಟೆಯವರೆಗೆ ಅಲ್ಲೇ ಇದ್ದರು. ಆಮೇಲೆ ಗಾಡಿ ಮಾಡ್ಕೊಂಡು ಹೋಗಿ ಸಾಮಾನು ಇಳಿಸಿಕೊಂಡು ಮುದುಕನಿಗೆ ಬಿಲ್ಲು ಕಟ್ಟಿದರು. ಅವನೂ ಮಾತಾಡಲಿಲ್ಲ, ಇವರೂ ಮಾತಾಡಲಿಲ್ಲ.

ತೋಟದಲ್ಲಿ ಕೂತಿದ್ದಾಗ ಏನು ಯೋಚಿಸ್ತಿದ್ದರು? ಅವರೇ ಬರೆದ ಪ್ರಕಾರ ಮನಸ್ಸು ಒಂದಷ್ಟು ಹೊತ್ತು ಖಾಲಿ, ಒಂದಷ್ಟು ಹೊತ್ತು ದುಃಖ. ದಿಕ್ಕಿಲ್ಲದ ಮಕ್ಕಳಿಗೆ ಆಗೋ ಹಾಗೆ ಅಪ್ಪ ಅಮ್ಮ ನೆನಪಾದರಂತೆ. ಅಷ್ಟೇ. ಆಲದ ಮರದ ಹೆಸರಿಲ್ಲ. ಸಂಕಲ್ಪದ ಮಾತಿಲ್ಲ.

ಅಮ್ಮ ಭೀಮಾಬಾಯಿ ಇವರು ಸಣ್ಣ ಹುಡುಗನಾಗಿದ್ದಾಗಲೇ ತೀರಿಹೋಗಿದ್ದರು. ಅಪ್ಪ ರಾಮ್‌ಜಿ ಸಕ್ಪಾಲರ ಸಾವಿಗೂ ಈ ಊರಿಗೂ ನಂಟಿದೆ. ಧನಂಜಯ ಕೀರ್ ಬರೆದ ಜೀವನಚರಿತ್ರೆ ಓದಿದವರಿಗೆ ನೆನಪಿರಬಹುದು. 1913ರ ಜನವರಿಯಲ್ಲಿ ಭೀಮರಾವ್ ಮೊದಲ ಸಲ ಬರೋಡಾದಲ್ಲಿ ಕೆಲಸಕ್ಕೆ ಸೇರಿದ್ದರು. ಅಪ್ಪನಿಗೆ ಅದು ಇಷ್ಟ ಇರಲಿಲ್ಲ. ಕೆಲವೇ ದಿನಕ್ಕೆ ಅಪ್ಪನಿಗೆ ಹುಷಾರಿಲ್ಲ ಅಂತ ತಂತಿ ಬಂತು. ಹೊರಟವರು ದಾರಿಯಲ್ಲಿ ಸೂರತ್ ಸ್ಟೇಷನ್ನಿನಲ್ಲಿ ಅಪ್ಪನಿಗೆ ಸಿಹಿ ತಗೊಳ್ಳೋಕೆ ಇಳಿದರು, ರೈಲು ತಪ್ಪಿಹೋಯ್ತು. ಮುಂಬೈ ಮುಟ್ಟಿದಾಗ ಅಪ್ಪನ ಕೊನೇ ಗಳಿಗೆ. ಫೆಬ್ರವರಿ 2ರಂದು ರಾಮ್‌ಜಿ ತೀರಿಕೊಂಡರು. ನಾಲ್ಕೂವರೆ ವರ್ಷದ ಮೇಲೆ ಅದೇ ಊರು, ಅದೇ ಮುಂಬೈ ರೈಲಿಗೆ ಕಾಯೋದು. ಅಪ್ಪ ನೆನಪಾಗದೇ ಇರ್ತಾರಾ?

ಈಗ ಅಲ್ಲಿ ‘ಸಂಕಲ್ಪ ಭೂಮಿ’ ಇದೆ. ಅದೇ ಮರ ಅಂತ ಜನ ನಂಬಿರೋ ಆಲದ ಮರ ಇದೆ. ಪ್ರತಿ ಸೆಪ್ಟೆಂಬರ್ 23ರಂದು ನಮ್ಮ ಜನ ಅಲ್ಲಿ ಸೇರ್ತಾರೆ. 2022ರಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಇದನ್ನ ರಾಷ್ಟ್ರೀಯ ಮಹತ್ವದ ಸ್ಮಾರಕ ಮಾಡಬೇಕು ಅಂತ ಶಿಫಾರಸು ಮಾಡಿತು, ಸಾತಾರಾದಲ್ಲಿ ಬಾಬಾಸಾಹೇಬರು ಓದಿದ ಶಾಲೆಯ ಜೊತೆಗೆ. ಆಗಲಿ, ಸಂತೋಷ. ಮರಕ್ಕೆ ಕೈಮುಗಿಯೋರನ್ನ ನಾನು ಹಂಗಿಸಲ್ಲ. ನಾನೂ ಕೈಮುಗಿದೆ. ಆದರೆ ಸರ್ಕಾರಗಳಿಗೆ ಸಂಕಲ್ಪ ಮಾಡಿದ ಮಹಾಪುರುಷ ಸಲೀಸು. ಅಪ್ಪ ಅಮ್ಮನ ನೆನಪಲ್ಲಿ ಕೂತ, ಮನೆ ಸಿಗದ ಹುಡುಗ ಕಷ್ಟ. ಸಂಕಲ್ಪ ಅಂದುಬಿಟ್ರೆ ಕಥೆ ಅವರ ದೊಡ್ಡತನದ್ದಾಗುತ್ತೆ, ದೊಣ್ಣೆ ಹಿಡಿದು ಬಂದ ಹನ್ನೆರಡು ಜನ, ಆಳುಗಳ ನೆಪ ಹೇಳಿದ ಸ್ನೇಹಿತ ಎಲ್ಲರೂ ಫೋಟೋದಿಂದ ಆಚೆ ಹೋಗ್ತಾರೆ.

ಸಯಾಜಿರಾವ್ ಬಗ್ಗೆ ಒಂದು ಮಾತು. ಅಸ್ಪೃಶ್ಯ ಮಕ್ಕಳಿಗೆ 1880ರ ದಶಕದಲ್ಲೇ ಶಾಲೆ ತೆರೆಸಿದ ರಾಜ. 1906ರಲ್ಲಿ ಇಡೀ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದವರು. ಅವರ ಉಪಕಾರ ನಾವು ಮರೆಯೋ ಹಾಗಿಲ್ಲ. ಆದರೆ ಅವರದೇ ಕಚೇರಿಯಲ್ಲಿ ಜವಾನರು ಫೈಲುಗಳನ್ನ ದೂರದಿಂದ ಎಸೀತಿದ್ದರು ಅಂತ ಕೀರ್ ಬರೀತಾರೆ. ನ್ಯೂಯಾರ್ಕಿಗೆ ಕಳಿಸೋಕೆ ಶಕ್ತಿ ಇದ್ದ ರಾಜನಿಂದ ತನ್ನ ರಾಜಧಾನಿಯಲ್ಲಿ ಒಂದು ಕೋಣೆ ಕೊಡಿಸೋಕೆ ಆಗಲಿಲ್ಲ. ಆ ಸಂಜೆ ಆಸರೆ ಆಗಿದ್ದು ಅವರ ಕಾಲದ ತೋಟ, ಅವರ ಆಡಳಿತ ಅಲ್ಲ. ತೋಟದ ಬೆಂಚಿಗೆ ರಿಜಿಸ್ಟರ್ ಇರಲ್ಲ, ಹೆಸರು ಬರೀಬೇಕಾಗಿಲ್ಲ.

ಆಮೇಲೂ ಒಂದು ಪ್ರಯತ್ನ ಆಯ್ತು. ಬರೋಡಾದ ಒಬ್ಬ ಪ್ರೊಫೆಸರ್ ತಮ್ಮ ಮನೆಯಲ್ಲಿ ದುಡ್ಡು ತಗೊಂಡು ಇಟ್ಟುಕೊಳ್ಳೋಕೆ ಒಪ್ಪಿದರು. ಇವರು ಮತ್ತೆ ಹೊರಟು ಹೋದರು. ಸ್ಟೇಷನ್ನಿನಲ್ಲೇ ಚೀಟಿ ಕೈಗೆ ಬಂತು, ಹೆಂಡತಿ ಒಪ್ತಿಲ್ಲ ಅಂತ. ಈ ಸಲ ತೋಟದವರೆಗೂ ಹೋಗೋದು ಬೇಕಾಗಲಿಲ್ಲ, ಸ್ಟೇಷನ್ನಿನಿಂದಲೇ ವಾಪಸ್.

‘ಸಾರ್ವಜನಿಕ’ ಅನ್ನೋ ಪದ ಬಾಬಾಸಾಹೇಬರ ಹೋರಾಟದಲ್ಲಿ ಎಷ್ಟು ಸಲ ಬರುತ್ತೆ ಗಮನಿಸಿ. 1923ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆ ಅವರ ನಿರ್ಣಯ ಪಾಸಾಯ್ತು. ಸಾರ್ವಜನಿಕ ದುಡ್ಡಲ್ಲಿ ನಡೆಯೋ ಬಾವಿ, ಕೆರೆ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ಅದನ್ನ ನಿಜ ಮಾಡಿಸೋಕೇ 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಇಳಿದಿದ್ದು. ಸವರ್ಣೀಯರು ಕೋರ್ಟಿನಲ್ಲಿ ಏನು ವಾದ ಮಾಡಿದ್ರು ಗೊತ್ತಾ? ಈ ಕೆರೆ ಸಾರ್ವಜನಿಕವೇ ಅಲ್ಲ, ಖಾಸಗಿ ಅಂತ! ಹತ್ತು ವರ್ಷ ಎಳೆದು 1937ರಲ್ಲಿ ಮುಂಬೈ ಹೈಕೋರ್ಟ್ ನಮ್ಮ ಪರ ತೀರ್ಪು ಕೊಟ್ಟಿತು.

ಈಗ ಸಂವಿಧಾನದ 15(2)ನೇ ವಿಧಿ ತೆಗೆದು ನೋಡಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸಾರ್ವಜನಿಕರು ಸೇರುವ ಜಾಗ. ಇವುಗಳಲ್ಲಿ ಜಾತಿ, ಧರ್ಮದ ಕಾರಣಕ್ಕೆ ಯಾರನ್ನೂ ತಡೆಯೋ ಹಾಗಿಲ್ಲ. ನಾನು ಆ ಬೆಂಚಿನ ಮೇಲೆ ಕೂತು ಮೊಬೈಲಲ್ಲಿ ಇದನ್ನ ಓದಿದೆ. ಹೋಟೆಲು ಅಂದಾಗ ಪಾರ್ಸಿ ವಸತಿಗೃಹ, ಕೆರೆ ಅಂದಾಗ ಚವದಾರ್, ಸೇರುವ ಜಾಗ ಅಂದಾಗ ಕಾಮಾಠಿ ಬಾಗ್ ಕಣ್ಣ ಮುಂದೆ ಬಂತು.

ಆ ಪಟ್ಟಿಯಲ್ಲಿ ಬಾಡಿಗೆ ಮನೆ ಇಲ್ಲ. ಸ್ನೇಹಿತನ ಮನೆ, ಪ್ರೊಫೆಸರ್ ಮನೆ ಆಗಲೂ ಖಾಸಗಿ, ಈಗಲೂ ಖಾಸಗಿ. 2005ರಲ್ಲಿ ಸುಪ್ರೀಂ ಕೋರ್ಟ್ ಇದೇ ಗುಜರಾತಿನ ಅಹಮದಾಬಾದಿನ ಒಂದು ಪಾರ್ಸಿ ಹೌಸಿಂಗ್ ಸೊಸೈಟಿಯ ಪ್ರಕರಣದಲ್ಲಿ, ಸದಸ್ಯತ್ವ ಪಾರ್ಸಿಗಳಿಗೆ ಮಾತ್ರ ಅನ್ನೋ ಅದರ ನಿಯಮವನ್ನ ಎತ್ತಿ ಹಿಡಿಯಿತು. ಸಹಕಾರ ಸಂಘ ಕಟ್ಟೋರ ಹಕ್ಕು ಅದು ಅಂತ. ಬಾಬಾಸಾಹೇಬರು ಬರೋಡಾ ಬಿಟ್ಟು 88 ವರ್ಷ ಆಗಿತ್ತು.

ನಾನು ಬೆಂಗಳೂರಿನಲ್ಲಿ ಮನೆ ಹುಡುಕುವಾಗ ಒಬ್ಬ ಮಾಲೀಕರು ಅಡ್ವಾನ್ಸ್ ತಗೊಂಡಿದ್ದರು. ಮಾರನೇ ದಿನ ನನ್ನ ಆಧಾರ್ ಕಾರ್ಡಿನ ಜೆರಾಕ್ಸ್‌ನಲ್ಲಿ ಹೆಸರು, ಊರು, ಕೇರಿ ಎಲ್ಲ ನೋಡಿದ ಮೇಲೆ ಫೋನ್ ಬಂತು. ದನಿ ತುಂಬಾ ಮೃದುವಾಗಿತ್ತು. ‘ನಮಗೇನೂ ಇಲ್ಲ ಸಾರ್, ಮನೆಯವರು ಬೇಡ ಅಂತಿದ್ದಾರೆ.’

ಜೈ ಭೀಮ್.